ಮುಂದಕ್ಕೆ ಬಾಗಿದ ಅಕ್ಷರ

ಚರ್ರ್, ಆಮೇಲೆ ಮೌನ, ಮತ್ತೆ ಚರ್ರ್. ಕಾನ್ವೆಂಟಿನಲ್ಲಿ ನನ್ನ ಪಕ್ಕದ ಡೆಸ್ಕಿನಿಂದ ಬರುತ್ತಿದ್ದ ನಿಬ್ಬಿನ ಸದ್ದು. ಚಪ್ಪಟೆ ನಿಬ್ಬು ಕೆಳಗಿಳಿಯುವಾಗ ದಪ್ಪ ಗೆರೆ, ಸದ್ದು. ಮೇಲೇರುವಾಗ ಕೂದಲೆಳೆಯಂಥ ಗೆರೆ, ಸದ್ದೇ ಇಲ್ಲ. ಸಿಸ್ಟರ್ ನನಗೂ ಆ ಡೆಸ್ಕಿನ ಗೆಳತಿಗೂ ಇಟಾಲಿಕ್, ಅಂದರೆ ಮುಂದಕ್ಕೆ ಬಾಗಿದ ಇಂಗ್ಲಿಷ್ ಬರವಣಿಗೆ, ಕಲಿಸಿದರು. ನನ್ನದು ನೀಟ್ ಅನ್ನಿಸಿಕೊಂಡಿತು, ಅವಳದು ಬ್ಯೂಟಿಫುಲ್.

ಮದುವೆಯಾಗಿ ನಾನು ಚಳ್ಳಕೆರೆಗೆ ಬಂದೆ. ಅವಳು ಮೊಳಕಾಲ್ಮೂರಿನಲ್ಲಿ ಟೀಚರ್ ಆದಳು. ರಿಟೈರ್ ಆದ ಮೇಲೂ ಸ್ಕೂಲ್ ಡೇ ಹತ್ತಿರ ಬಂತೆಂದರೆ ಸರ್ಟಿಫಿಕೇಟುಗಳ ಕಟ್ಟು ಅವಳ ಪಡಸಾಲೆಗೆ ಬರುತ್ತಿತ್ತು. ಮಕ್ಕಳ ಹೆಸರು ಅವಳ ಕೈಯಲ್ಲೇ ಆಗಬೇಕು. ಕುರಿ ಕಾಯುವವರ ಮನೆಗಳಲ್ಲೂ ದೇವರ ಫೋಟೊ ಪಕ್ಕ ಫ್ರೇಮಿನೊಳಗೆ ಅವಳ ಅಕ್ಷರ ತೂಗುವುದನ್ನು ನೋಡಿದ್ದೇನೆ.

ಈಚೆಗೆ ಅವಳ ಬಲಗೈ ನಡುಗತೊಡಗಿತು. "ಕಂಪ್ಯೂಟರಲ್ಲಿ ಹೊಡೆಸ್ತೀವಿ ಮೇಡಂ, ನೀವು ರೆಸ್ಟ್ ಮಾಡ್ರಿ" ಅಂದರಂತೆ ಶಾಲೆಯವರು. ಒಪ್ಪಿದಳು, ಒಂದೇ ಕಂಡೀಷನ್: ತನ್ನ ಕೈ ಬದಲಿಗೆ ಬರುವ ಅಕ್ಷರವನ್ನು ತಾನೇ ಆರಿಸಬೇಕು. ಅದಕ್ಕೇ ಚಳ್ಳಕೆರೆಗೆ ಬಂದಳು. ಇಬ್ಬರೂ ಆಟೊ ಹತ್ತಿ ಡಿಟಿಪಿ ಅಂಗಡಿಗೆ ಹೋದೆವು.

ಅಂಗಡಿಯವರದೂ ನಮ್ಮಂತೆ ನರೆತ ತಲೆ. ನೆಟ್ಟಗೆ ನಿಂತ ಇಂಗ್ಲಿಷ್ ಅಕ್ಷರಗಳನ್ನು ಸ್ಕ್ರೀನಿಗೆ ತಂದು ಬಟನ್ ಒತ್ತಿದರು. ಎಲ್ಲವೂ ಒಟ್ಟಿಗೆ ವಾಲಿದವು. "ತಗೊಳ್ರಮ್ಮ, ಇಟಾಲಿಕ್."

"ಇದು ವಾಲೈತೆ ಅಷ್ಟೆ" ಅಂದಳು ಗೆಳತಿ. "ಹಿಂದಿಂದ ಯಾರೋ ತಳ್ಳಿದಂಗೈತೆ. ನಡೆಯೋನೂ ಮುಂದಕ್ಕೆ ಬಾಗಿರ್ತಾನಲ್ಲ, ಅಂಥದ್ದು ತೋರಿಸ್ರಿ."

ಅವರು ಉತ್ಸಾಹದಿಂದ ಸರ್ಟಿಫಿಕೇಟಿನ ಮೇಲ್ಭಾಗದಲ್ಲಿದ್ದ ಶಾಲೆಯ ಹೆಸರಿನ ಕನ್ನಡ ಸಾಲನ್ನೂ ವಾಲಿಸಲು ಹೋದರು. "ಅದನ್ನ ಮುಟ್ಟಬೇಡ್ರಿ, ಕನ್ನಡದ ಅಕ್ಷರ ದುಂಡನೆ ಗಡಿಗೆ ಇದ್ದಂಗೆ, ವಾಲಿಸಿದ್ರೆ ಉರುಳ್ತವೆ" ಅಂದೆ ನಾನು.

ಎಷ್ಟೋ ಥರದ ಅಕ್ಷರ ನೋಡಿದ ಮೇಲೆ ಒಂದು ಸಿಕ್ಕಿತು. ದಪ್ಪ, ತೆಳು, ಮತ್ತೆ ದಪ್ಪ. ಒಂದೊಂದರ ಕಾಲ ತುದಿಯಲ್ಲೂ ಪೆನ್ನು ಎತ್ತಿದ ಜಾಗದಲ್ಲಿ ಉಳಿಯುವಂಥ ಸಣ್ಣ ಕೊಕ್ಕೆ. "ಸಿಸ್ಟರ್ ಕೈ ಕಣೇ ಇದು" ಅಂದಳು.

ಆದರೆ ಅವರು ಒಂದು ಮಗುವಿನ ಹೆಸರನ್ನು ಟೈಪ್ ಮಾಡಿದ್ದು ಶಾಲೆಯ ಪಟ್ಟಿಯಲ್ಲಿದ್ದಂತೆ ಎಲ್ಲ ಕ್ಯಾಪಿಟಲ್ಲಿನಲ್ಲಿ. ಒಂದೊಂದು ದೊಡ್ಡಕ್ಷರವೂ ತನ್ನ ಬಾಲ ಬೀಸಿ ಪಕ್ಕದ್ದಕ್ಕೆ ತೊಡರಿತು. ಹೆಸರೇ ಓದಲಾಗದು. ನಾನು ಅವಳ ಮುಖ ನೋಡಿದೆ.

"ಸರ್, ಮುಂದೆ ಒಂದೇ ಟಗರು ಸಾಕು. ಹಿಂದೆ ಕುರಿ ಬರ್ಲಿ. ಎಲ್ಲಾನೂ ಟಗರಾದ್ರೆ ಗುದ್ದಾಡ್ತವೆ" ಅಂದಳು, ಮೊದಲ ದೊಡ್ಡಕ್ಷರದತ್ತ ಬೆರಳು ತೋರಿಸಿ.

"ಇಷ್ಟು ವರ್ಷ ಮದುವೆ ಕಾರ್ಡಿಗೆಲ್ಲ ಬರೀ ಟಗರೇ ಬಿಟ್ಟಿದ್ದೀನಲ್ಲಮ್ಮ" ಎಂದು ನಗುತ್ತ ಅವರು ತಿದ್ದಿದರು. ಹೆಸರು ನಡೆಯಿತು. ನಿಜವಾಗಿಯೂ, ಮಗುವೊಂದು ಬಹುಮಾನಕ್ಕೆ ಸ್ಟೇಜ್ ಹತ್ತುವ ಹಾಗೆ.

ಅವಳು ಕನ್ನಡಕ ಏರಿಸಿ ಸ್ಕ್ರೀನಿಗೆ ಇನ್ನಷ್ಟು ಬಗ್ಗಿದಳು. ಸರಿಯಿಲ್ಲವಾ ಅಂತ ಕೇಳಿದೆ.

"ಸರಿಯಾಗೇ ಐತೆ. ಎರಡು 'ಎ' ಒಂದೇ ಥರ ಬಂದಾವೆ ನೋಡು. ನಂದು ಒಂದಿನಾನೂ ಹಂಗೆ ಬರ್ಲಿಲ್ಲ." ಅದು ಮೆಚ್ಚುಗೆಯೋ ದೂರೋ, ಅವಳನ್ನು ಇಷ್ಟು ವರ್ಷದಿಂದ ಬಲ್ಲ ನನಗೂ ತಿಳಿಯಲಿಲ್ಲ. ಆಮೇಲೆ ಅಂಗಡಿಯವರಿಗೆ, "ಇದನ್ನೇ ಇಡ್ರಿ" ಅಂದಳು.

ಸ್ಯಾಂಪಲ್ ಪ್ರಿಂಟು ಹಿಡಿದು ಮೊಳಕಾಲ್ಮೂರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತಳು. ಎಂಜಿನ್ ಆಗಲೇ ಶುರುವಾಗಿತ್ತು. ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಿನಿಂದ ಅಕ್ಷರಗಳ ಮೇಲೇ ಬರೆಯುತ್ತಿದ್ದಳು, ಕೆಳಗೆ ಒತ್ತಿ, ಮೇಲೆ ಹಗುರಾಗಿ. ನಡುಗುತ್ತಿದ್ದುದು ಅವಳ ಕೈಯೋ ಬಸ್ಸೋ, ಹೊರಗೆ ನಿಂತ ನನಗೆ ಗೊತ್ತಾಗಲಿಲ್ಲ. ನಾನು ಕೈಯೆತ್ತಿದೆ. ಅವಳು ನೋಡಲಿಲ್ಲ, ಹೆಸರು ಇನ್ನೂ ಮುಗಿದಿರಲಿಲ್ಲ. ನಾನು ಅವಳನ್ನು ಕೊನೆಯದಾಗಿ ಕಂಡದ್ದು ಹಾಗೆ.