ಎಡಗಣ್ಣಿಗೆ ಬಾಗಿಸಿದ ಕೋವಿ

ಒನೆಸೀಮ್ ಮಿಶೋನ ಬಲಗಣ್ಣು ಹೋದದ್ದು ಮಾರ್ಚ್ ತಿಂಗಳಲ್ಲಿ. ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಗೆ ಪರವಾನಗಿ ಬಂದದ್ದು ಜೂನ್‌ನಲ್ಲಿ. ಹದಿನಾರು ವರ್ಷ ಬಿಡದೆ ಅರ್ಜಿ ಹಾಕಿದವನಿಗೆ ದೇವರು ಇವೆರಡನ್ನೂ ಹೀಗೆ ಹಿಂದುಮುಂದು ಮಾಡಿ ಕೊಟ್ಟನಲ್ಲ ಎಂದು ಸೇಂಟ್ ಜಾನ್ ಹೊಳೆಯ ದಂಡೆಯ ಆ ಊರಿನವರು ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಮಾತಾಡಿಕೊಂಡರು. ಅವರ ದನಿಯಲ್ಲಿ ಮರುಕವಿತ್ತು. ಸ್ವಲ್ಪ ನಗುವೂ ಇತ್ತು.

ಕಣ್ಣು ತೆಗೆದದ್ದು ಒಂದು ಸೀಡರ್ ಕೊಂಬೆ. ಹಿಮದ ಭಾರಕ್ಕೆ ನೆಲಮುಟ್ಟ ಬಾಗಿತ್ತು. ಕೊಡಲಿ ತಾಗಿದ್ದೇ ತಡ, ಚಿಮ್ಮಿ ಬಂದು ಮುಖಕ್ಕೆ ಬಾರಿಸಿತು. ಐವತ್ತೊಂಬತ್ತು ವರ್ಷದ ಆಳು, ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡು ಎರಡು ಮೈಲಿ ನಡೆದು ಮನೆಗೆ ಬಂದು, "ಮುದುಕಿ, ಗಾಡಿ ತೆಗಿ" ಎಂದಷ್ಟೇ ಹೇಳಿದ್ದ.

ಆಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತ ಬಂತು. ಗರಗಸದ ಮುಂದೆ ಒಂಟಿಗಣ್ಣಿನವನು ನಿಲ್ಲುವುದು ಬೇಡ ಎಂದು ಅವನು ದುಡಿಯುತ್ತಿದ್ದ ಮರ ಕೊಯ್ಯುವ ಮಿಲ್ಲಿನವರು ಮನೆಗೆ ಕಳಿಸಿದರು. ಉಳಿದದ್ದು ಹಿಡಿ ಮಾಡುವ ಕೆಲಸ. ಹನ್ನೆರಡನೆಯ ವಯಸ್ಸಿನಿಂದ ಅವನು ಕೊಡಲಿಗೆ ಹಿಡಿ ಮಾಡಿಕೊಡುತ್ತಿದ್ದ. ಆಶ್ ಮರವನ್ನು ಸೀಳಿ, ಕೆತ್ತಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದರೆ, ಆ ಹಿಡಿ ಮುರಿಯಿತೆಂದು ಯಾರೂ ಹೇಳಿದ್ದಿಲ್ಲ. ಅಳತೆಗೋಲು ಮುಟ್ಟಿದವನಲ್ಲ, ಕಣ್ಣೇ ಅಳತೆ. ಈಗ ಒಂದು ಕಣ್ಣಿಗೆ ಆಳ ತಿಳಿಯುವುದಿಲ್ಲ. ಲೋಟಕ್ಕೆ ಚಹಾ ಬಗ್ಗಿಸಿದರೆ ಮೇಜಿನ ಮೇಲೆ ಬೀಳುತ್ತಿತ್ತು. ಏಪ್ರಿಲ್‌ನಲ್ಲಿ ಒಬ್ಬ, ಮೇ ತಿಂಗಳಲ್ಲಿ ಇಬ್ಬರು, ಹಿಡಿ ಸೊಟ್ಟಗಿದೆ ಎಂದು ವಾಪಸು ತಂದರು. ತಂದವರು ತಲೆ ತಗ್ಗಿಸಿಕೊಂಡೇ ಕೊಟ್ಟು ಹೋದರು. ಅದೇ ಅವನಿಗೆ ಹೆಚ್ಚು ನೋವಾದದ್ದು.

ಜೂನ್‌ನಲ್ಲಿ ಪತ್ರಿಕೆಯಲ್ಲಿ ಚೀಟಿ ಎತ್ತಿ ಆರಿಸಿದ ಹೆಸರುಗಳ ಪಟ್ಟಿ ಬಂದಾಗ ಹೆಂಡತಿ ಅಲ್ಮಿದಾ ಸಣ್ಣ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಬಂದು ಒಂದು ಕಡೆ ನಿಲ್ಲಿಸಿದಳು. ಬೆರಳು ತೆಗೆಯಲಿಲ್ಲ.

"ನಿನ್ನ ಹೆಸರಿದೆ."

"ಇನ್ನೊಂದ್ಸಲ ಓದು."

"ಮಿಶೋ, ಒನೆಸೀಮ್. ಅಕ್ಟೋಬರ್, ಎರಡನೇ ವಾರ. ಸೋಮವಾರದಿಂದ ಶನಿವಾರ."

ಆರು ದಿನ, ಒಂದು ಮೂಸ್. ಒಂದು ಬಿದ್ದರೆ ಮುಂದಿನ ಬೇಸಿಗೆಯವರೆಗೆ ಮನೆಯಲ್ಲಿ ಮಾಂಸದ ಚಿಂತೆಯಿಲ್ಲ. ಪರವಾನಗಿಯಲ್ಲಿ ಎರಡನೆಯ ಹೆಸರಿಗೆ ಜಾಗವಿತ್ತು. ಅಲ್ಲಿ ಅವಳದ್ದೇ ಹೆಸರು. ಇಬ್ಬರಲ್ಲಿ ಯಾರು ಹೊಡೆದರೂ ಆಗುತ್ತದೆ. ಅಲ್ಮಿದಾ ಕೋವಿ ಹಿಡಿದವಳೇ. ಮದುವೆಯಾದಾಗಿನಿಂದ ಏಳೆಂಟು ಜಿಂಕೆ ಹೊಡೆದಿದ್ದಳು.

"ನಾನು ಹೊಡೀತೀನಿ. ನೀನು ಪಕ್ಕದಲ್ಲಿ ನಿಂತ್ಕೋ" ಎಂದಳು.

"ಮಿಲ್ಲಲ್ಲಿ ಪಕ್ಕಕ್ಕೆ ನಿಲ್ಲು ಅಂದ್ರು. ನಿಂತೆ. ಹಿಡಿ ವಾಪಸ್ ತಂದ್ರು. ಇಸ್ಕೊಂಡೆ. ಇದೊಂದನ್ನ ನಾನೇ ಮಾಡ್ತೀನಿ, ಅಲ್ಮಿದಾ. ಇದೂ ಆಗಲ್ಲ ಅಂದ್ರೆ ಆಮೇಲೆ ನನ್ನನ್ನ ಆ ಕುರ್ಚೀಲಿ ಕೂರಿಸ್ಬಿಡು, ಏಳು ಅನ್ಬೇಡ."

ಅವಳು ಪತ್ರಿಕೆ ಮಡಚಿಟ್ಟಳು.

ಕೋವಿ ಅವನ ಅಪ್ಪನದು. ಕೆಳಗಿನ ಬಳೆಯನ್ನು ಎಳೆದು ಬಿಟ್ಟರೆ ಹಳೆಯ ತೋಟಾ ಹೊರಗೆ ಹಾರಿ ಹೊಸದು ಒಳಗೆ ಕೂರುವಂಥದು. ಆ ಕಾಡಿನಲ್ಲಿ ಮನೆಗೊಂದು ಇರುವಂಥದು. ಬಲಹೆಗಲಿಗೆ ಊರಿದರೆ ಬಲಗಣ್ಣು ತಾನಾಗಿ ನಳಿಗೆಯ ಹಿಂದೆ ಬರುತ್ತದೆ, ಆದರೆ ಆ ಕಣ್ಣಿಲ್ಲ. ಎಡಹೆಗಲಿಗೆ ಊರೋಣವೆಂದರೆ ಆ ಹೆಗಲಿನ ಮೂಳೆ ಇಪ್ಪತ್ತರ ವಯಸ್ಸಿನಲ್ಲೇ ದಿಮ್ಮಿಯ ಅಡಿ ಸಿಕ್ಕಿ ಪುಡಿಯಾಗಿತ್ತು. ಒಂದು ಗುಂಡಿನ ಒದೆತಕ್ಕೇ ತೋಳು ಮರಗಟ್ಟಿ ನೇತಾಡುತ್ತಿತ್ತು. ಕೋವಿಯನ್ನು ಬಲಹೆಗಲಿನಲ್ಲೇ ಇಟ್ಟು, ಕತ್ತನ್ನು ಕೋವಿಯ ಮರದ ಹಿಡಿಯ ಮೇಲಿಂದ ಹೊರಳಿಸಿ ಎಡಗಣ್ಣನ್ನು ನಳಿಗೆಯ ಹಿಂದೆ ತರಲು ನೋಡಿದ. ನಾಲ್ಕು ಬೆರಳು ಸಾಲದೆ ಬಂತು.

"ಕಣ್ಣು ಕೋವಿ ಹತ್ರ ಹೋಗಲ್ಲ ಅಂದ್ರೆ, ಕೋವಿನೇ ಕಣ್ಣಿನ ಹತ್ರ ಬರ್ಲಿ" ಎಂದ.

ಬಲಹೆಗಲಿನಿಂದ ಹೊರಟ ಹಿಡಿ ಕೆನ್ನೆಯ ಅಡಿಯಲ್ಲಿ ಹಾವಿನಂತೆ ಎಡಕ್ಕೆ ಬಾಗಬೇಕು. ನಳಿಗೆ ನೆಟ್ಟಗೆ ಎಡಗಣ್ಣಿನ ಮುಂದೆ ಬಂದು ನಿಲ್ಲಬೇಕು. ಅಂಥ ಹಿಡಿಯನ್ನು ಅವನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಒಂದೇ ಸ್ಕ್ರೂ ಬಿಚ್ಚಿ ಅಪ್ಪನ ಅಕ್ರೋಟು ಮರದ ಹಿಡಿಯನ್ನು ತೆಗೆದು, ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟ.

ಕೊಟ್ಟಿಗೆಯಲ್ಲಿ ಒಣಗಿದ ಆಶ್ ದಿಮ್ಮಿಯೊಂದಿತ್ತು. ನಾರು ದಾರದಷ್ಟು ನೆಟ್ಟಗೆ. ಅದರಿಂದಲೇ ಆ ಬಾಗನ್ನು ಕೆತ್ತಿ ತೆಗೆದ. ಜುಲೈ ಹೋಯಿತು, ಆಗಸ್ಟ್ ಹೋಯಿತು. ಕೋವಿಯ ಕಬ್ಬಿಣದ ತುದಿ ಕೂರುವ ಕಚ್ಚಿನ ಆಳ ಕಣ್ಣಿಗೆ ತಿಳಿಯದೆ, ಕಬ್ಬಿಣಕ್ಕೆ ಚಿಮಣಿಯ ಮಸಿ ಹಿಡಿಸಿ, ಮರಕ್ಕೆ ಒತ್ತಿ, ಕಪ್ಪಾದಲ್ಲಿ ಮಾತ್ರ ಹೆರೆದ. ಮತ್ತೆ ಮಸಿ, ಮತ್ತೆ ಒತ್ತು. ಬೆರಳ ತುದಿಗಳು ಹುಣ್ಣಾದವು. ಅಲ್ಮಿದಾ ದೋಸೆಯಂಥ ಪ್ಲೋಯ್ ಹೊಯ್ದು ಬೆಣ್ಣೆ ಸವರಿ, ಸುರುಳಿ ಸುತ್ತಿ ಅವನ ಕೈಗೇ ಇಡುತ್ತಿದ್ದಳು. ತಟ್ಟೆ ಎಲ್ಲಿದೆಯೆಂದು ಅವನು ತಡಕುವುದನ್ನು ನೋಡಲು ಅವಳಿಗೆ ಆಗುತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಅಲ್ಮಿದಾಳ ಅಣ್ಣ ಬೆಲೋನಿಯ ಜಲ್ಲಿ ಗುಂಡಿಯಲ್ಲಿ ಗುರಿ ನೋಡಲು ಗಂಡಹೆಂಡತಿ ಹೋದರು. ಬೆಲೋನಿಗೆ ಎಪ್ಪತ್ತು ದಾಟಿತ್ತು, ನಾಲಿಗೆಗೆ ಮಾತ್ರ ಇಪ್ಪತ್ತು.

"ಸೊಟ್ಟ ಕೋವಿ, ಒಂಟಿಗಣ್ಣು" ಎಂದ. "ಮೂಸಿಗೆ ವಿಷಯ ತಿಳಿಸಿದ್ದೀಯೇನೋ? ಎಲ್ಲಿ ನಿಲ್ಬೇಕು ಅಂತ ಅದಕ್ಕಾದ್ರೂ ಗೊತ್ತಿರ್ಲಿ."

"ನೀನು ಆ ಡಬ್ಬದ ಪಕ್ಕ ನಿಂತ್ಕೋ ಭಾವ. ತೋರಿಸ್ತೀನಿ."

ಮೊದಲ ಗುಂಡು ಡಬ್ಬವನ್ನು ಹಾರಿಸಿತು. ಬೆಲೋನಿ ನಗು ನಿಲ್ಲಿಸಿದ. ಎರಡನೆಯದಕ್ಕೆ ಹಿಡಿ, ಕೈ ಹಿಡಿಯುವ ಸಣ್ಣ ಜಾಗದಲ್ಲಿ, ಬಿಸ್ಕತ್ತಿನಂತೆ ಪಟ್ಟನೆ ಮುರಿಯಿತು.

ಬೆಲೋನಿ ತುಂಡನ್ನು ಎತ್ತಿಕೊಂಡು ಮುರಿದ ಮುಖವನ್ನು ಹೆಬ್ಬೆರಳಿನಿಂದ ಸವರಿದ.

"ಕೊಡಲಿ ಹಿಡಿ ಮಾಡೋನ ಬುದ್ಧಿ ಇದು" ಎಂದ, ಈ ಸಲ ಮೆಲ್ಲಗೆ. "ನೆಟ್ಟಗಿರೋ ನಾರು ಕೊಡಲಿಗೆ ಸರಿ. ಬಾಗಿಗೆ ಅದೇ ಕೇಡು. ನೋಡು, ಬಾಗಿಸಿದ ಕಡೆಯೆಲ್ಲ ನಾರನ್ನ ಅಡ್ಡ ಕತ್ತರಿಸಿದ್ದೀಯ. ಇಲ್ಲಿ ಹಿಡ್ಕೊಳ್ಳೋಕೆ ನಾರೇ ಇಲ್ಲ. ನಮ್ಮಪ್ಪ ಹಿಮದ ಮೇಲೆ ನಡೆಯೋ ಮೆಟ್ಟಿನ ಚೌಕಟ್ಟು ಮಾಡ್ತಿದ್ನಲ್ಲ, ಕೆತ್ತಿ ದುಂಡಗೆ ಮಾಡ್ತಿದ್ನಾ? ಹಸಿ ಮರ ತಂದು, ಹಬೇಲಿ ಬೇಯಿಸಿ ಬಗ್ಗಿಸ್ತಿದ್ದ. ನಾರು ಸಮೇತ ಬಾಗ್ಬೇಕು ಅದು."

ಒನೆಸೀಮ್ ಕಿವಿಯವರೆಗೆ ಕೆಂಪಾದ. ನಲವತ್ತೇಳು ವರ್ಷ ಇದೇ ಮರದ ಜೊತೆ ಬದುಕಿದವನಿಗೆ ಇದು ಹೊಳೆಯಲಿಲ್ಲ. ಕಣ್ಣಿನ ಜೊತೆ ಇನ್ನೇನೇನು ಹೋಯಿತೋ ಎಂದು ಒಳಗೇ ಹೆದರಿದ.

"ಹಾಗಾದ್ರೆ ಬಗ್ಗಿಸೋಣ."

"ಮೆಟ್ಟಿನ ಚೌಕಟ್ಟು ಬೆರಳು ದಪ್ಪ ಕಣೋ. ಇದು ಮಣಿಕಟ್ಟಿನ ದಪ್ಪ. ಅಚ್ಚಿಗೆ ಬಿಗಿದು ಒಂದು ಚಳಿಗಾಲ ಪೂರ್ತಿ ಒಣಗಿಸ್ಬೇಕು. ಮುಂಚೆ ಬಿಚ್ಚಿದ್ರೆ ಮರಕ್ಕೆ ಹಳೇದು ಜ್ಞಾಪಕ ಬರುತ್ತೆ, ನೆಟ್ಟಗಾಗ್ತಾ ಹೋಗುತ್ತೆ."

"ನನ್ನ ಹತ್ರ ಹದಿನೆಂಟು ದಿನ ಇದೆ ಭಾವ."

ಬೆಲೋನಿ ತಂಗಿಯ ಮುಖ ನೋಡಿದ. ಅವಳು ಜಲ್ಲಿಯ ಕಡೆ ನೋಡುತ್ತಿದ್ದಳು. "ಸರಿ" ಎಂದ. "ನನ್ನ ಹಿತ್ತಲಲ್ಲಿ ಒಂದು ಎಳೇ ಆಶ್ ಇದೆ. ಕಡಿ."

ಬಟ್ಟೆ ಬೇಯಿಸುವ ಹಂಡೆಗೆ ಹಳೆಯ ಹೊಗೆಕೊಳವೆ ಸಿಕ್ಕಿಸಿ, ಅದರೊಳಗೆ ಮರವಿಟ್ಟು, ಬಾಯಿಗೆ ಗೋಣಿ ತುರುಕಿ, ಎರಡು ತಾಸು ಹಬೆ ಕೊಟ್ಟರು. ಅಡುಗೆಮನೆಯ ಕಿಟಕಿಗಳಲ್ಲಿ ನೀರಿಳಿಯಿತು. ಹೊರತೆಗೆದ ಮರವನ್ನು ಮೂವರೂ ಕೂಡಿ, ಕೈ ಸುಟ್ಟುಕೊಳ್ಳುತ್ತ, ಓಕ್ ಮರದ ಅಚ್ಚಿಗೆ ಒತ್ತಿ ಬಿಗಿದರು. ಅದು ಸದ್ದಿಲ್ಲದೆ ಬಾಗಿತು. ಎಷ್ಟೋ ತಿಂಗಳ ಮೇಲೆ ಒಂದು ವಸ್ತು ತಾನು ಹೇಳಿದ್ದನ್ನು ಕೇಳಿತೆಂದು ಒನೆಸೀಮನಿಗೆ ಅನ್ನಿಸಿತು.

ಹನ್ನೆರಡು ದಿನ ಒಲೆಯ ಹಿಂದೆ ಒಣಗಿಸಿ ಅಚ್ಚು ಬಿಚ್ಚಿದ. ಮರ ಒಂದು ಬೆರಳು ಹಿಂದಕ್ಕೆ ಸರಿಯಿತು. ಅದಕ್ಕೆಂದೇ ಮೊದಲು ಅಷ್ಟು ಹೆಚ್ಚು ಬಗ್ಗಿಸಿದ್ದ. ಕೆತ್ತಿ, ಮಸಿ ಒತ್ತಿ, ಕೂರಿಸಿ, ಭಾನುವಾರ ಜಲ್ಲಿ ಗುಂಡಿಯಲ್ಲಿ ಐದು ಗುಂಡು ಹಾರಿಸಿದ. ಐದೂ ಒಂದು ಅಂಗೈ ಅಗಲದೊಳಗೆ ಬಿದ್ದವು. ಹಿಡಿ ಮುರಿಯಲಿಲ್ಲ. ಬೆಲೋನಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅವನ ಬಾಯಿಂದ ಹೊಗಳಿಕೆ ಬಂದದ್ದನ್ನು ಊರಿನಲ್ಲಿ ಯಾರೂ ಕೇಳಿದ್ದಿಲ್ಲ.

ಸೋಮವಾರ ಬೆಳಿಗ್ಗೆ ಹೊರಡುವ ಮೊದಲು, ತೋಟಾ ತುಂಬದ ಕೋವಿಯನ್ನು ಅಡುಗೆಮನೆಯ ಗೋಡೆಯ ಮೊಳೆಗೆ ಗುರಿಯಿಟ್ಟು ನೋಡಿದ. ನಳಿಗೆಯ ಮೇಲೆ ಗುರಿ ನೋಡುವ ಹಿಂದಿನ ಕಚ್ಚು, ಮುಂದಿನ ಮಣಿ, ಆಚೆ ಮೊಳೆ, ಮೂರೂ ಒಂದೇ ಸಾಲಿನಲ್ಲಿದ್ದವು. ಅಂದು ಕಾಡಿನಲ್ಲಿ ಹೆಜ್ಜೆ ಗುರುತು ಮಾತ್ರ ಕಂಡಿತು. ಮಂಗಳವಾರ ಮಳೆ. ಬುಧವಾರ ಮೊಳೆಗೆ ಗುರಿಯಿಟ್ಟಾಗ ಮಣಿ ಬಲಕ್ಕೆ ಒಂದು ಕೂದಲೆಳೆ ಸರಿದಿತ್ತು. ಚಾಕು ತಂದು ಕೆನ್ನೆ ಒರಗುವ ಜಾಗವನ್ನು ಹೆರೆದ. ಆಗ ಮುಖ ಇನ್ನಷ್ಟು ಒಳಕ್ಕೆ ಹೋಗಿ ಕಣ್ಣು ಸಾಲಿಗೆ ಬಂತು. ಗುರುವಾರ ಮತ್ತೆ ಸರಿದಿತ್ತು, ಮತ್ತೆ ಹೆರೆದ. ಶುಕ್ರವಾರ ಹೆಚ್ಚು. ಒಲೆಯ ಬಿಸಿ, ಹೊರಗಿನ ತೇವ, ಮತ್ತೆ ಬಿಸಿ. ಮರ ತನ್ನ ಹಳೆಯ ನಿಲುವಿಗೆ ದಿನಕ್ಕಿಷ್ಟು ಹೊರಳುತ್ತಿತ್ತು. ಬಾಗನ್ನು ಹಿಡಿದಿಡಲು ತಂತಿ ಬಿಗಿದು ನೋಡಿದ. ತಂತಿಯೇ ಸಡಿಲಾಯಿತು.

ಶನಿವಾರ ಬೆಳಿಗ್ಗೆ ಹೆರೆಯಲು ಮರ ಉಳಿದಿರಲಿಲ್ಲ. ಇನ್ನೊಂದು ಸಿಬರು ತೆಗೆದರೆ ಹಿಡಿಯೇ ಮುರಿದೀತು.

ಅಲ್ಮಿದಾ ಕಪಾಟಿನಿಂದ ಬಟ್ಟೆಯ ಗಂಟನ್ನು ತಂದು ಮೇಜಿನ ಮೇಲಿಟ್ಟಳು. "ಒಂದು ಸ್ಕ್ರೂ ತಾನೆ. ಹಳೇ ಹಿಡಿ ಹಾಕು. ಇವತ್ತೊಂದು ದಿನ ನಾನು ಹಿಡ್ಕೋತೀನಿ."

"ಕತ್ತು ಸ್ವಲ್ಪ ವಾಲಿಸಿದ್ರೆ ಕಾಣುತ್ತೆ."

"ಕಾಣುತ್ತಾ?"

"ಕಾಣುತ್ತೆ ಅಂದೆನಲ್ಲ, ಮುದುಕಿ."

ಅವಳು ಗಂಟನ್ನು ಮತ್ತೆ ಒಳಗಿಡಲಿಲ್ಲ, ಜೊತೆಗೆ ಕಾಡಿಗೆ ಒಯ್ಯಲೂ ಇಲ್ಲ. ಅದು ಮೇಜಿನ ಮೇಲೇ ಉಳಿಯಿತು.

ಇಡೀ ದಿನ ಜೌಗಿನ ಅಂಚಿನಲ್ಲಿ ಕೂತರು. ಸೂರ್ಯ ಸ್ಪ್ರೂಸ್ ಮರಗಳ ಹಿಂದೆ ಇಳಿಯುತ್ತಿದ್ದಾಗ ಅಲ್ಮಿದಾ ಕಾಫಿ ಡಬ್ಬದಲ್ಲಿ ನೀರು ಮೊಗೆದು ಎತ್ತರದಿಂದ ಮತ್ತೆ ನೀರಿಗೇ ಸುರಿದಳು. ಹೆಣ್ಣು ಮೂಸ್ ನೀರಿನಲ್ಲಿ ನಿಂತು ಉಚ್ಚೆ ಹೊಯ್ದಂತೆ ಕೇಳುತ್ತದೆ. ಬೆದೆಯ ಕಾಲದ ಗಂಡಿಗೆ ಅದಕ್ಕಿಂತ ದೊಡ್ಡ ಕರೆಯಿಲ್ಲ. ಮೂರನೆಯ ಸಲ ಸುರಿದಾಗ ಆಚೆ ದಡದ ಆಲ್ಡರ್ ಪೊದೆಗಳು ಎರಡು ಪಾಲಾದವು.

ಗಂಡು. ಹಲಗೆಯಂಥ ಕೊಂಬುಗಳು, ಅವುಗಳ ಮೇಲೆ ಕೆಸರು, ಗದ್ದದಿಂದ ಇಳಿಯುವ ನೀರು. ಎಪ್ಪತ್ತು ಹೆಜ್ಜೆ ದೂರದಲ್ಲಿ ಮಗ್ಗುಲು ತೋರಿಸಿ ನಿಂತಿತು.

ಒನೆಸೀಮ್ ಕೋವಿ ಎತ್ತಿದ. ಕೆನ್ನೆ ಒತ್ತಿದ. ಹಿಂದಿನ ಕಚ್ಚು ಕಂಡಿತು. ಮಣಿ ಅದರೊಳಗಿಲ್ಲ, ಪಕ್ಕದಲ್ಲಿ. ಕತ್ತನ್ನು ಇನ್ನೂ ವಾಲಿಸಿದ. ಕತ್ತಿನ ನರ ಎದ್ದು ನಿಂತಿತು. ಮಣಿ ಕಚ್ಚಿನ ಅಂಚಿಗೆ ಬಂತು, ನಡುಗಿತು, ಹೊರಗೆ ಹೋಯಿತು. ಹೆಗಲನ್ನು ಹೊರಳಿಸಿದರೆ ನಳಿಗೆಯೇ ಬೇರೆ ಕಡೆ ಹೋಗುತ್ತಿತ್ತು.

ಕೋವಿ ಇಳಿಸಿ ಅವಳ ಕಡೆ ಚಾಚಿದ.

ಅವಳು ತೆಗೆದುಕೊಂಡು ಹೆಗಲಿಗಿಟ್ಟುಕೊಂಡಳು. ಅವಳ ಬಲಗಣ್ಣಿನ ಮುಂದೆ ಬಾಗಿದ ಮರ. ಎಡಗಣ್ಣು ಅವಳದ್ದು ಗುರಿ ಬಲ್ಲದ್ದಲ್ಲ, ಅವಳ ಕೆನ್ನೆಯೂ ಆ ಅಳತೆಯದ್ದಲ್ಲ. ಒಬ್ಬನ ಮುಖಕ್ಕೆಂದು ಮಾಡಿದ ಕೋವಿ ಅದು. ಈಗ ಆ ಒಬ್ಬನದ್ದೂ ಆಗಿ ಉಳಿದಿಲ್ಲ. ತಲೆಯಲ್ಲಾಡಿಸಿ ವಾಪಸು ಕೊಟ್ಟಳು. "ನೀನೇ" ಎಂದಳು, ತುಟಿಯಲ್ಲಷ್ಟೇ. ಅವನ ಹಿಂದೆ ಮಂಡಿಯೂರಿ, ಎರಡೂ ಅಂಗೈಗಳನ್ನು ಅವನ ತಲೆಯ ಎಡಪಕ್ಕಕ್ಕೆ ಕೊಟ್ಟು ಬಲಕ್ಕೆ ಒತ್ತಿದಳು. ಕೆನ್ನೆಯ ಮೂಳೆ ಮರಕ್ಕೆ ಕಚ್ಚಿತು. ಮಣಿ ಕಚ್ಚಿನೊಳಗೆ ಬಂದು ಕೂತಿತು.

ಆದರೆ ಅವಳ ಕೈಯ ನಡುಕ ಅವನ ತಲೆಗೆ, ತಲೆಯಿಂದ ಕೋವಿಗೆ ಇಳಿಯಿತು. ಮಣಿ ಮೂಸಿನ ಹೆಗಲಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ ಅಲೆಯಿತು. ಹೊಟ್ಟೆಗೆ ಬಿದ್ದರೆ ಅದು ಮೂರು ದಿನ ಜೌಗಿನಲ್ಲಿ ಮಲಗಿ ಸಾಯುತ್ತದೆ. ಕೋವಿಯ ಕುದುರೆಯ ಮೇಲಿನ ಅವನ ಬೆರಳು ಬಿಗಿಯಿತು, ಸಡಿಲಾಯಿತು, ಮತ್ತೆ ಬಿಗಿಯಿತು.

"ಬಿಡು" ಎಂದ.

"ಇನ್ನೊಂದು ಸಲ."

"ಬಿಡು, ಅಲ್ಮಿದಾ."

ಮೂಸ್ ತಲೆಯೆತ್ತಿ ಇವರ ಕಡೆ ನೋಡಿತು. ಆಮೇಲೆ ಅವಸರವಿಲ್ಲದೆ, ನೀರನ್ನು ಸದ್ದು ಮಾಡುತ್ತ ತುಳಿದು, ದಿಬ್ಬ ಹತ್ತಿ ಮರಗಳೊಳಗೆ ಹೋಯಿತು. ಪೊದೆ ಮತ್ತೆ ಒಂದಾಯಿತು.

ಅವನು ಬಳೆಯನ್ನು ಎಳೆದೆಳೆದು ತೋಟಾಗಳನ್ನು ಒಂದೊಂದಾಗಿ ಪಾಚಿಯ ಮೇಲೆ ಬೀಳಿಸಿದ. ಹೆಕ್ಕಲು ಬಗ್ಗಿದಾಗ ಕೈ ತೋಟಾದ ಪಕ್ಕದ ನೆಲವನ್ನೇ ಎರಡು ಸಲ ಹಿಡಿಯಿತು. ಅವಳು ಹೆಕ್ಕಿ ಜೇಬಿಗೆ ಹಾಕಿಕೊಂಡಳು.

"ಅಣ್ಣ ಜಿಂಕೆ ತೊಡೆ ಕಳಿಸ್ತಾನೆ, ಬಿಡು" ಎಂದಳು.

"ಅದರ ಜೊತೆ ಅವನ ಮಾತನ್ನೂ ಬೇಯಿಸ್ಕೊಂಡು ತಿನ್ಬೇಕಲ್ಲ."

ಅವಳು ನಗಲು ನೋಡಿದಳು. ಆಗಲಿಲ್ಲ.

ದಾರಿ ಮರದ ದಿಮ್ಮಿ ಸಾಗಿಸುವ ಹಳೆಯ ರಸ್ತೆ. ಅರ್ಧ ಮೈಲಿ ನಡೆದಿರಬಹುದು. ಬೆಳಕು ಇನ್ನೂ ಬೂದಿಯ ಬಣ್ಣದಲ್ಲಿ ಉಳಿದಿತ್ತು. ಆಗ ದಿಬ್ಬದ ಆಚೆಯಿಂದ, ಆ ಗಂಡು ಹೋದ ದಿಕ್ಕಿನಿಂದ, ಒಂದು ಗುಂಡಿನ ಸದ್ದು ಬಂತು.

ಇಬ್ಬರೂ ನಿಂತರು. ಆ ಕಾಡಿನವರಿಗೆ ಒಂದು ಲೆಕ್ಕವಿದೆ: ಒಂದು ಗುಂಡಾದರೆ ಮಾಂಸ, ಎರಡಾದರೆ ಅನುಮಾನ, ಮೂರಾದರೆ ಬರೀ ಸದ್ದು. ಒನೆಸೀಮ್ ತಲೆಯನ್ನು ಆ ಕಡೆಗೆ ವಾಲಿಸಿ ಎರಡನೆಯದಕ್ಕೆ ಕಾದ. ಗಾಳಿ ನಿಂತಿತ್ತು. ಅವಳು ಅವನ ಮುಖ ನೋಡದೆ ರಸ್ತೆಯನ್ನು ನೋಡುತ್ತಿದ್ದಳು.

ಎರಡನೆಯದು ಬರಲಿಲ್ಲ.

"ಚೆನ್ನಾಗಿ ಹೊಡೆದ್ರು" ಎಂದ ಒನೆಸೀಮ್. ಕೋವಿಯನ್ನು ಹೆಗಲು ಬದಲಿಸಿಕೊಂಡು, ನೆಲ ಎಲ್ಲಿದೆಯೆಂದು ಕಾಲಿನಿಂದ ತಡಕುತ್ತ, ಅವಳಿಗಿಂತ ಮುಂದಾಗಿ ನಡೆದ.