ಒಳಗೆ ಬಿಡದ ಬಟ್ಟೆ

ಟೈಲರಮ್ಮನ ಹತ್ತಿರ ಹೊಲಿಸಿಕೊಂಡವರಿಗೆಲ್ಲ ಗೊತ್ತು, ಹೊಲಿಗೆಯ ಒಳಗೆ ಎರಡು ಬೆರಳಷ್ಟು ಬಟ್ಟೆ ಬಿಡದೆ ಅವಳು ಯಾವ ಅಂಗಿಯನ್ನೂ ಹೊಲಿಯುವವಳಲ್ಲ. ಮೈ ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ ಎನ್ನುವುದು ಅವಳ ವಾದ. ಟ್ರಾವೆಲ್ ಆಫೀಸಿನವನೇ ಇದ್ದಾನಲ್ಲ, ಅವನ ಪ್ಯಾಂಟುಗಳ ಸೊಂಟವನ್ನು ಬಿಚ್ಚಿ ಸಡಿಲ ಮಾಡಿ ಮಾಡಿ ಅವಳಿಗೆ ಸಾಕಾಗಿ ಹೋಗಿದೆ.

ಯುರೋಪಿಗೆ ಹೋಗಿ ಗಂಡನ ಜೊತೆ ಸಂಸಾರ ಹೂಡಿದ್ದ ಅವಳ ಮಗಳು ಚೊಚ್ಚಲ ಬಸುರಿ. "ನೋವು ಬರೋವಾಗ ನೀನು ಪಕ್ಕದಲ್ಲಿರ್ಬೇಕಮ್ಮಾ" ಎಂದು ಫೋನಿನಲ್ಲಿ ಅತ್ತಳು. "ಇರದೆ ಎಲ್ಲಿಗೆ ಹೋಗ್ತೀನೇ?" ಎಂದು ತಾಯಿ ಮಾತು ಕೊಟ್ಟಳು. ತಾಯಿಗೂ ಮಗಳಿಗೂ ನಡುವೆ ವೀಸಾ ಎಂಬುದೊಂದು ಕೂತಿದೆ ಎಂದು ಆಗ ಅವಳಿಗೇನು ಗೊತ್ತು!

"ಯಾವ ವೀಸಾ ಬೇಕಮ್ಮಾ?" ಎಂದ ಟ್ರಾವೆಲ್ ಆಫೀಸಿನವನು.

"ಹೋಗೋ ವೀಸಾ."

"ಹಾಗಲ್ಲಮ್ಮಾ. ಊರು ನೋಡೋಕೆ, ನೆಂಟರ ಮನೆಗೆ ಹೋಗೋಕೆ ಕೊಡೋದು ಒಂದು. ಅದರಲ್ಲಿ ಹೆಚ್ಚಂದ್ರೆ ಮೂರು ತಿಂಗಳು ಇರಬಹುದು. ಅದಕ್ಕೂ ಜಾಸ್ತಿ ಇರ್ತೀನಿ ಅಂದ್ರೆ ಬೇರೆ. ಓದೋಕೆ ಬೇರೆ, ಕೆಲಸಕ್ಕೆ ಬೇರೆ. ನಡುವೆ ವಿಮಾನ ಬದಲಾಯಿಸೋಕೂ ಕೆಲವು ಕಡೆ ಒಂದು ಬೇಕು."

"ಹೊರಗೆ ಕಾಲೇ ಇಡದಿದ್ರೂ?"

"ಇಡದಿದ್ರೂ."

ಟೈಲರಮ್ಮನ ತಲೆ ಚಿಟ್ಟು ಹಿಡಿಯಿತು. ಕುಟುಂಬ ಸೇರಿಕೊಳ್ಳುವ ವೀಸಾ ಅಂತಲೂ ಒಂದಿದೆ ಎಂದು ಅವನು ಹೇಳಿದ್ದೇ ತಡ, "ಹಾಂ, ಅದನ್ನೇ ಮಾಡ್ಸು" ಎಂದಳು.

"ಅದು ಗಂಡ, ಹೆಂಡ್ತಿ, ಸಣ್ಣ ಮಕ್ಕಳಿಗೆ. ತಾಯಿಗೆ ಅಷ್ಟು ಸುಲಭವಾಗಿ ಕೊಡಲ್ಲ."

"ಹೆತ್ತವಳು ಕುಟುಂಬ ಅಲ್ವೇನೋ?"

"ನಾನು ಮಾಡಿದ ಕಾನೂನೇನಮ್ಮಾ ಅದು?"

"ಮತ್ತೆ ಬಾಣಂತಿ ಕೆಲಸ, ಮಗು ಕೆಲಸ ಯಾರು, ನಿನ್ನಪ್ಪ ಮಾಡ್ತಾನಾ?"

"ಅಯ್ಯೋ, ಕೆಲಸ ಅನ್ನೋ ಮಾತೇ ಅಲ್ಲಿ ಎತ್ತಬೇಡಿ!" ಎಂದು ಅವನು ಕೈಮುಗಿದ.

ಕೊನೆಗೆ ನೆಂಟರ ಮನೆಯ ವೀಸಾಕ್ಕೇ ಅರ್ಜಿ ಹೋಯಿತು, ಮೂರು ತಿಂಗಳಿಗೆ. ವೀಸಾ ಕಚೇರಿಯ ಕೌಂಟರಿನಲ್ಲಿ ಗಾಜಿನ ಹಿಂದೆ ಕೂತ ಹೆಣ್ಣುಮಗಳು, "ಯಾವಾಗ ವಾಪಸ್ ಬರ್ತೀರಿ?" ಎಂದು ಕೇಳಿದಳು. ಟೈಲರಮ್ಮನಿಗೆ ಕಸುಬಿನ ಬುದ್ಧಿ ಎಲ್ಲಿ ಬಿಡುತ್ತದೆ? "ಮೂರು ತಿಂಗಳು ಅಂತ ಬರೆದಿದೆ ತಾಯಿ. ಆದ್ರೂ ಇನ್ನೆರಡು ತಿಂಗಳು ಒಳಗೆ ಬಿಟ್ಟಿರಿ. ಬೇಕಾದ್ರೆ ಬಿಚ್ಚಿಕೊಂಡ್ರಾಯ್ತು" ಎಂದುಬಿಟ್ಟಳು. ಗಾಜಿನ ಹಿಂದಿನವಳು ನಗಲಿಲ್ಲ. ಪಾಸ್‌ಪೋರ್ಟು ಬರಿದಾಗಿಯೇ ವಾಪಸು ಬಂತು. ಈಕೆ ಮರಳಿ ಬರುತ್ತಾಳೆಂಬ ನಂಬಿಕೆ ತಮಗಿಲ್ಲ ಎಂದು ಜೊತೆಗೊಂದು ಕಾಗದ ಬೇರೆ.

"ನನ್ನ ಅಂಗಡಿ ಇಲ್ಲಿ, ಮೆಷಿನ್ ಇಲ್ಲಿ, ಅರ್ಧ ಹೊಲಿದ ರವಿಕೆಗಳು ಇಲ್ಲಿ. ಅಲ್ಲಿ ಕೂತು ನಾನೇನು ಕಡಿದು ಕಟ್ಟೆ ಹಾಕ್ಲಿ?" ಎಂದು ಅವಳು ಸಿಕ್ಕಸಿಕ್ಕವರ ಮುಂದೆಲ್ಲ ಕೂಗಾಡಿದಳು.

ಎರಡನೇ ಸಲ ಅರ್ಜಿ ಹಾಕುವಾಗ ಟ್ರಾವೆಲ್ ಆಫೀಸಿನವನು ಮೆತ್ತಗೆ ಹೇಳಿದ, "ಎರಡು ತಿಂಗಳು ಹಾಕೋಣಮ್ಮಾ. ಹೆರಿಗೆ ಹೇಳಿದ ದಿನವೇ ಆಗುತ್ತೆ ಅಂತ ಏನಿಲ್ಲ."

"ಬೇಡ. ಅವರಿಗೆ ಬೇಕಾದ್ದು ಅಳತೆ ತಾನೇ? ತಗೊಳ್ಳಲಿ ಅಳತೆ! ಡಾಕ್ಟ್ರು ಹೇಳಿದ ದಿನಕ್ಕೆ ಹಿಂದೊಂದು ವಾರ, ಮುಂದೊಂದು ವಾರ. ಅದಕ್ಕಿಂತ ಒಂದೆಳೆ ನೂಲೂ ಜಾಸ್ತಿ ಬೇಡ."

ಅವನು ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ. ವೀಸಾ ಬಂತು, ಸರಿಯಾಗಿ ಅಷ್ಟೇ ದಿನಕ್ಕೆ.

ಮಗಳ ಮನೆಯೆಂದರೆ ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ. ಬೆಳಗಾದರೆ ತಾಯಿ ಮಗಳ ಮುಖ ನೋಡುವಳು. ಮಗಳು ಇಲ್ಲವೆಂದು ತಲೆಯಾಡಿಸುವಳು. ಡಾಕ್ಟರು ಹೇಳಿದ ದಿನ ಬಂದೂ ಹೋಯಿತು, ನೋವಿನ ಸುಳಿವಿಲ್ಲ. ಅಳಿಯನನ್ನು ಎಳೆದುಕೊಂಡು ಅಲ್ಲಿನ ವೀಸಾ ಕಚೇರಿಗೆ ಹೋದಳು. ನೀವು ಕಾಯಿಲೆ ಬಿದ್ದರೆ, ವಿಮಾನಗಳು ನಿಂತರೆ ದಿನ ಹೆಚ್ಚಿಸಬಹುದು, ಮಗು ತಡ ಮಾಡಿದ್ದಕ್ಕೆ ಆಗುವುದಿಲ್ಲ ಎಂದರು.

"ಮಗು ಏನು ಇವರ ಕ್ಯಾಲೆಂಡರ್ ನೋಡ್ಕೊಂಡು ಬರುತ್ತಾ? ಕೇಳ್ರೀ ಇವರನ್ನ!" ಎಂದಳು. ಅಳಿಯ ಕೇಳಲಿಲ್ಲ. ಒಂದು ದಿನ ಮೀರಿದರೂ ಮುಂದೆ ಈ ಕಡೆ ಬರುವುದೇ ಕಷ್ಟವಾಗುತ್ತದೆ ಅತ್ತೆ ಎಂದು ಅವಳನ್ನೇ ಹೆದರಿಸಿ ಮನೆಗೆ ಕರೆತಂದ.

ಹೊರಡುವ ದಿನ ಮಗಳು ಬಾಗಿಲಲ್ಲಿ ಹೊಟ್ಟೆ ಹಿಡಿದು ನಿಂತಿದ್ದಳು. ಅಳಲೂ ಇಲ್ಲ, ಬಯ್ಯಲೂ ಇಲ್ಲ. ಬೈದಿದ್ದರೆ ಟೈಲರಮ್ಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ವಿಮಾನ ಇಳಿದು ಫೋನು ಆನ್ ಮಾಡಿದಾಗ ಅಳಿಯ ಕಳಿಸಿದ ಫೋಟೊ ಕಾದಿತ್ತು. ಅವಳು ಆಕಾಶದಲ್ಲಿದ್ದಾಗ ಮೊಮ್ಮಗಳು ಹುಟ್ಟಿದ್ದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಊರವರ ಅಂಗಿಗೆಲ್ಲ ಬಟ್ಟೆ ಬಿಟ್ಟವಳು ಮಗಳ ಹೆರಿಗೆಗೆ ನಾಲ್ಕು ದಿನ ಬಿಡಲಿಲ್ಲವಲ್ಲ ಎಂದು ತನ್ನನ್ನು ತಾನೇ ಶಪಿಸಿಕೊಂಡಳು.

ಎರಡು ದಿನ ಬಿಟ್ಟು ಮಗಳು ಫೋನು ಮಾಡಿದಳು. ದನಿ ಸೋತಿತ್ತು. "ಅಮ್ಮಾ, ಮಗೂಗೆ ನೀನು ಹೊಲಿದಿಟ್ಟ ಅಂಗಿ ಹಾಕಿದ್ದೀನಿ. ಸರಿಯಾಗಿದೆ."

"ಒಳಗೆ ಬಟ್ಟೆ ಬಿಟ್ಟಿದ್ದೀನಿ ಕಣೇ. ಮಗು ಬೆಳೆದ ಹಾಗೆ ಹೊಲಿಗೆ ಬಿಚ್ಚು."

"ನಂಗೆ ಬಿಚ್ಚೋಕೆ ಬರಲ್ವಲ್ಲಮ್ಮಾ" ಎಂದಳು ಮಗಳು. ಆಗ ಅತ್ತಳು.

ಅಂಗಡಿಗೆ ಬಂದ ಎಷ್ಟೋ ಹುಡುಗಿಯರಿಗೆ ಟೈಲರಮ್ಮ ಹೊಲಿಗೆ ಕಲಿಸಿದ್ದಳು. ಮಗಳಿಗೆ ಮಾತ್ರ ಕಲಿಸಿರಲಿಲ್ಲ. ಇವಳಿಗೇಕೆ, ನಾನಿರುತ್ತೇನಲ್ಲ ಎಂದುಕೊಂಡಿದ್ದಳು.