ಎರಡು ಬಣ್ಣದ ಕೂಸು

ನನ್ನ ಚೊಚ್ಚಲ ಮಗಳು ಹುಟ್ಟಿದ್ದು ಬ್ರಿಟಿಷರ ಕಾಲದಲ್ಲಿ, ಮಡಿಕೇರಿಯ ತವರುಮನೆಯಲ್ಲಿ. ಅಪ್ಪ ಆಗ ಕಮಿಷನರ್ ಸಾಹೇಬರ ಕಚೇರಿಯಲ್ಲಿ ಗುಮಾಸ್ತರು. ಧನುರ್ಮಾಸದ ಚಳಿಗೆ ಬಾಣಂತಿ ಕೋಣೆಯಲ್ಲಿ ಹಗಲೂ ಕೆಂಡ ಆರುತ್ತಿರಲಿಲ್ಲ.

ಐದನೇ ದಿನ ಬೆಳಿಗ್ಗೆ ಅವ್ವ ಕೂಸಿಗೆ ಎಣ್ಣೆ ಹಚ್ಚಿ ನೀರೆರೆದು, ನನ್ನ ಪಕ್ಕ ಎಡಮಗ್ಗುಲಾಗಿ ಮಲಗಿಸಿದಳು. ಬಟ್ಟೆ ಸುತ್ತಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಕೂಸಿನ ಕೆಳಗಿನ ಮಗ್ಗುಲು ದಾಸವಾಳದ ಕೆಂಪು, ಮೇಲಿನ ಮಗ್ಗುಲು ಬಿಳಿಚಿಕೊಂಡಿದೆ. ಹಣೆಯಿಂದ ಹೊಕ್ಕುಳವರೆಗೆ ಗೆರೆ ಎಳೆದ ಹಾಗೆ! ಮಗಳು ಮಾತ್ರ ಆರಾಮವಾಗಿ ಆಕಳಿಸುತ್ತಿದ್ದಳು.

"ಬಸುರೀಲಿ ಏನು ತಿಂದ್ಯೇ ನೀನು?" ಎಂದಳು ಅವ್ವ.

ಕದ್ದು ತಿಂದ ಕಿತ್ತಳೆಗಳೆಲ್ಲ ಒಂದೊಂದಾಗಿ ನೆನಪಾಗಿ ನನಗೆ ಅಳುವೇ ಬಂತು.

ಕಚೇರಿಗೆ ಹೊರಟಿದ್ದ ಅಪ್ಪ ಓಡಿಹೋಗಿ ಆಸ್ಪತ್ರೆಯ ಡಾಕ್ಟ್ರಮ್ಮನನ್ನು ಕರೆತಂದರು. ಅಷ್ಟರಲ್ಲಿ ಕೂಸು ಪೂರ್ತಿ ಒಂದೇ ಬಣ್ಣ. ಅವ್ವ ಪೆಚ್ಚಾದಳು.

"ದೇವರಾಣೆ, ಈಗ ತಾನೇ ಅರ್ಧ ಕೆಂಪಿತ್ತು ಡಾಕ್ಟ್ರಮ್ಮ!"

ಡಾಕ್ಟ್ರಮ್ಮ ಮಲಯಾಳಂ ಸೀಮೆಯವರು. ಕೂಸಿನ ಎದೆಗೆ ಕೊಳವೆ ಇಟ್ಟು ಕೇಳಿದರು, ಹಾಲು ಕುಡಿಯುವುದನ್ನು ವಿಚಾರಿಸಿದರು. ಆಮೇಲೆ ಮೆಲ್ಲಗೆ ಬಲಮಗ್ಗುಲಿಗೆ ಹೊರಳಿಸಿದರು. ನೋಡನೋಡುತ್ತಿದ್ದಂತೆ ಬಲಭಾಗ ಕೆಂಪೇರಿತು, ಎಡಭಾಗ ಬೆಳ್ಳಗಾಯಿತು.

"ಮೊದಲ ಸಲ ನೋಡಿದಾಗ ನಾನೂ ಹೆದರಿದ್ದೆ" ಎಂದು ನಕ್ಕರು. "ಚರ್ಮದ ಕೆಳಗೆ ನೂಲಿನ ಹಾಗೆ ಸಣ್ಣ ರಕ್ತನಾಳ ಇರ್ತಾವಲ್ಲ, ಅವನ್ನ ಬಿಗಿ ಮಾಡೋದು, ಸಡಿಲ ಬಿಡೋದು ನರಗಳ ಕೆಲಸ. ಈಗ ಹುಟ್ಟಿದ ಕೂಸಲ್ಲಿ ಆ ಸಂಬಂಧ ಇನ್ನೂ ಬಲಿತಿಲ್ಲ. ಅದಕ್ಕೇ ರಕ್ತ ತಗ್ಗಿನ ಕಡೆ ಇಳೀತದೆ. ಬೆಳೀತಾ ನರ ಕೆಲಸ ಕಲೀತದೆ."

"ಹಾಗಾದ್ರೆ ಇವಳು ತಿಂದದ್ದಕ್ಕಲ್ಲ?"

"ಇನ್ನೂ ಚೆನ್ನಾಗಿ ತಿನ್ನಲಿ!"

ಅಂದಿನಿಂದ ಅವ್ವನೇ ಡಾಕ್ಟ್ರಮ್ಮ. ನೋಡಲು ಬಂದವರಿಗೆಲ್ಲ ನರ, ರಕ್ತನಾಳಗಳ ಪಾಠ. ಬಣ್ಣ ದಿನಾ ಕಾಣುತ್ತಿರಲಿಲ್ಲ. ಕಂಡ ದಿನ ಕೂಗಿ ಪಕ್ಕದ ಮನೆಯವರನ್ನು ಸೇರಿಸುತ್ತಿದ್ದಳು. ಮಗಳ ಪಾದಗಳು ಚಳಿಗೆ ನೀಲಿಯಾದರೂ ಈಗ ಯಾರೂ ಗಾಬರಿಯಾಗುತ್ತಿರಲಿಲ್ಲ. ಕಾಲುಚೀಲ ಹಾಕಿ ಬೆಚ್ಚಗೆ ಸುತ್ತುತ್ತಿದ್ದರು.

ನಾಲ್ಕನೇ ವಾರ ಕರಿಕೆ ಊರಿನಿಂದ ಚಿಕ್ಕಮ್ಮ ಬಂದರು, ಕೂಸಿನ ಬಣ್ಣದ ಬಗ್ಗೆ ಅವ್ವ ಬರೆಸಿದ್ದ ಕಾಗದ ಓದಿಸಿಕೊಂಡು. ಅವ್ವ ಹುಮ್ಮಸ್ಸಿನಿಂದ ಮೊಮ್ಮಗಳನ್ನು ಆ ಕಡೆ ಹೊರಳಿಸಿದಳು, ಈ ಕಡೆ ಹೊರಳಿಸಿದಳು. ಏನೂ ಇಲ್ಲ! ಮೈಯೆಲ್ಲ ಒಂದೇ ಬಣ್ಣ.

"ಇಷ್ಟು ಬೇಗ ನರ ಕೆಲಸ ಕಲಿತುಬಿಡ್ತಲ್ಲ!" ಎಂದು ಅವ್ವ ಮುಖ ಸಣ್ಣ ಮಾಡಿಕೊಂಡಳು. ನಾನು ನಗು ತಡೆಯಲಾರದೆ ಕಂಬಳಿ ಮುಸುಕೆಳೆದೆ.

ಚಿಕ್ಕಮ್ಮ ಎರಡು ದಿನ ಇದ್ದು, ತಾವೂ ಕೂಸನ್ನು ಹೊರಳಿಸಿ ನೋಡಿದರು. ಹೊರಡುವಾಗ ನನ್ನ ಕಿವಿಯಲ್ಲಿ, "ಅಕ್ಕ ಚಿಕ್ಕಂದಿನಿಂದಲೂ ಹೀಗೇ ಕಣೇ, ಕತೆ ಕಟ್ಟೋದ್ರಲ್ಲಿ ಎತ್ತಿದ ಕೈ" ಎಂದು ಹೇಳಿ ಹೋದರು.